ಶ್ರೀಲಂಕಾ 2022: ನೋಟ್ಸಿನ್ಯಾಗ ಬರೇ ಅಂಕಿ ಅದಾವ, ಮನಿಯೊಳಗ ಏನಾತು ಯಾರರ ಹೇಳ್ರಿ

ಸಪ್ತಾಪುರ ರೂಮ್ ನಂಬರ್ 4

ನಮಸ್ಕಾರ್ರಿ ಎಲ್ಲಾರಿಗೂ. ನಾ ಹಾವೇರಿ ಕಡಿಯಾಂವ, ಎರಡ ವರ್ಷದಿಂದ ಧಾರವಾಡ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದಾಕತ್ತೇನಿ. ಮೊನ್ನೆ ಕ್ಲಾಸಿನ್ಯಾಗ ಪ್ರಬಂಧ ಕೊಟ್ಟಿದ್ರು, ಆರ್ಥಿಕ ಬಿಕ್ಕಟ್ಟು ಬಂದಾಗ ಒಂದು ದೇಶದ ದಿನಾ ದಿನದ ಬದುಕು ಹೆಂಗ ಬದಲಾಗ್ತದ ಅಂತ. ನಾ ಶ್ರೀಲಂಕಾ ಹಿಡಕೊಂಡೆ. 2019ರ ಕೊನಿಗೆ ವ್ಯಾಟ್ ಅಂದ್ರ ಮಾರಾಟದ ಮ್ಯಾಲಿನ ತೆರಿಗಿ 15 ರಿಂದ 8 ಪರ್ಸೆಂಟಿಗೆ ಇಳಿಸಿದ್ದು, ಅದ ವರ್ಷ ಈಸ್ಟರ್ ದಿನ ಬಾಂಬ್ ಹಾಕಿದ ಮ್ಯಾಲ ಟೂರಿಸ್ಟ್ ಬರೂದು ಕಡಿಮಿ ಆಗಿದ್ದು, ಅದರ ಬೆನ್ನಿಗೆ ಕೊರೋನಾ, 2021ರಾಗ ರಾಸಾಯನಿಕ ಗೊಬ್ಬರದ ಆಮದು ಬಂದ್ ಮಾಡಿದ್ದು, 2022ರ ಏಪ್ರಿಲ್ 12ಕ್ಕ ಹೊರದೇಶದ ಸಾಲ ಕಟ್ಟಾಕ ಆಗಂಗಿಲ್ಲ ಅಂತ ಕೈ ಎತ್ತಿದ್ದು, ಸೆಪ್ಟೆಂಬರಿನ್ಯಾಗ ಹಣದುಬ್ಬರ 69.8 ಪರ್ಸೆಂಟ್ ಮುಟ್ಟಿದ್ದು, ಎಲ್ಲಾ ತಾರೀಖು ಸಮೇತ ಬರದು ಕೊಟ್ಟೆ.

ಸರ್ ಪೇಪರ್ ವಾಪಸ್ ಕೊಟ್ಟು, ಇದರಾಗ ಒಬ್ಬ ಮನಷ್ಯಾನೂ ಇಲ್ಲಲ್ಲೋ ಅಂದ್ರು. ಹತ್ತಕ್ಕ ಮೂರು ಮಾರ್ಕ್ಸ್.

ಸಿಟ್ಟು ಬಂತು, ಆದ್ರ ರೂಮಿಗೆ ಬಂದು ಓದಿದ್ರ ಖರೇನ ಐತಿ. ಹಣದುಬ್ಬರ 69.8 ಅಂದ್ರ ಮುಂಜಾನೆ ಎದ್ದು ಚಾ ಮಾಡೋ ಹೆಣ್ಮಗಳಿಗೆ ಏನಾತು ಅನ್ನೂದು ನನಗ ಗೊತ್ತಿಲ್ಲ. ಯಾರರ ಅಲ್ಲೆ ಇದ್ದು ನೋಡಿದವ್ರು ಇದ್ರ, ಇಲ್ಲಾ ನಮ್ಮ ಕಡೇನ ಹಂತಾ ದಿನ ಕಂಡ ಹಿರ್ಯಾರು ಇದ್ರ, ಸ್ವಲ್ಪ ಬರೀರಿ. ಯೂಟ್ಯೂಬ್ ಲಿಂಕ್ ಕಳಸಬ್ಯಾಡ್ರಿ, ಜನಾ ಅಧ್ಯಕ್ಷರ ಅರಮನಿಗೆ ನುಗ್ಗಿ ಸ್ವಿಮ್ಮಿಂಗ್ ಪೂಲಿನ್ಯಾಗ ಈಜಾಡಿದ್ದು ಎಲ್ಲಾರೂ ನೋಡೇವಿ.

ಬ್ಯಾಡಗಿ ಲೆಕ್ಕದಾಂವ

ತಮ್ಮಾ ನಾ ಓದಿದಾಂವ ಅಲ್ಲ, ಬ್ಯಾಡಗಿಯೊಳಗ ದಲಾಲಿ ಅಂಗಡ್ಯಾಗ ಲೆಕ್ಕಾ ಬರಿಯಾಂವ. ಸೋಮವಾರ ಗುರುವಾರ ಟೆಂಡರ್ ಇದ್ದಾಗ ಉಣ್ಣಾಕೂ ಪುರುಸೊತ್ತು ಇರಂಗಿಲ್ಲ, ಇವತ್ತು ಖಾಲಿ ಅದೇನಿ ಅಂತ ಬರ್ಯಾಕತ್ತೇನಿ.

ಲಂಕಾದ ಸುದ್ದಿ ನಮಗ ಪೇಪರಿಗಿಂತ ಮೊದ್ಲ ಬಂದಿತ್ತು. ನಮ್ಮ ಸಾಹುಕಾರ್ರು ತೂತ್ತುಕುಡಿ ಪಾರ್ಟಿ ಒಬ್ಬಂಗ ಕಡ್ಡಿ ಮೆಣಸಿನಕಾಯಿ ಕೊಡತಿದ್ರು, ಅಂವಾ ಅಲ್ಲಿಂದ ಹಡಗಿನ್ಯಾಗ ಕೊಲಂಬೋಕ್ಕ ಹಾಕ್ತಿದ್ದ. 2022ರ ಫೆಬ್ರುವರಿ ಇರಬೇಕು, ಎರಡ ಲೋಡಿನ ರೊಕ್ಕ ಬರೂದು ನಿಂತು ಬಿಡ್ತು. ಫೋನ್ ಮಾಡಿದ್ರ ನಮ್ಮ ಪಾರ್ಟಿ ಅಂತಾನ, ಅಣ್ಣಾ ಮಾಲು ಕೊಲಂಬೋ ಬಂದರಿನ್ಯಾಗ ಬಿದ್ದೈತಿ, ಅಲ್ಲೆ ತಗೊಳ್ಳೋ ಸೇಠ್ ತನ್ನ ರೊಕ್ಕ ಬ್ಯಾಂಕಿಗೆ ಕಟ್ಯಾನ, ಆದ್ರ ಬ್ಯಾಂಕಿನ್ಯಾಗ ಡಾಲರ್ ಇಲ್ಲ, ಎಲ್‌ಸಿ, ಅಂದ್ರ ಹೊರದೇಶದವರಿಗೆ ರೊಕ್ಕ ಕೊಡ್ತೇವಿ ಅನ್ನೋ ಬ್ಯಾಂಕಿನ ಹಾಮಿ ಪತ್ರ, ಆಗವಲ್ದು. ನಮ್ಮ ಸಾಹುಕಾರ್ರಿಗೆ ಇದು ತಲಿಗೇ ಹೋಗಲಿಲ್ಲ. ಕೊಡಾಂವ ರೊಕ್ಕ ಕೊಟ್ಟಾನ, ಮಾಲು ಮುಟ್ಟೇತಿ, ಮತ್ತ ನಡುವ ಏನ ಧಾಡಿ? ಅವತ್ತು ಗೊತ್ತಾತು ನೋಡು, ಮನಷ್ಯಾ ದಿವಾಳಿ ಆಗದನ ಅವನ ದೇಶ ದಿವಾಳಿ ಆಗಬಹುದು ಅಂತ. ಅವಾಗ ಅಲ್ಲೆ ಸಾವಿರಕ್ಕೂ ಮ್ಯಾಲ ಕಂಟೇನರ್ ಹಂಗ ನಿಂತಿದ್ವು, ಬ್ಯಾಳಿ, ಸಕ್ಕರಿ, ಅಕ್ಕಿ ಎಲ್ಲಾ. ಊರಾಗ ಬ್ಯಾಳಿ ಇಲ್ಲ ಅಂತ ಜನ ಒದ್ದಾಡಾಕತ್ತಾರ, ಬ್ಯಾಳಿ ಸಮುದ್ರದ ದಂಡಿಗೆ ಬಿಸಲಾಗ ಬಿದ್ದೈತಿ, ಮ್ಯಾಲ ದಿನಕ್ಕಿಷ್ಟು ಅಂತ ಬಾಡಿಗಿ ಬ್ಯಾರೆ.

ಇನ್ನೊಂದು. ಡಾಲರ್ ಉಳಸಾಕ ಅಂತ ಅದಕ್ಕಿಂತ ಮೊದ್ಲ ಅವರು ಅರಿಷಿಣ ತರಸೂದನ್ನ ಬಂದ್ ಮಾಡಿದ್ರು. ರಾಮೇಶ್ವರದ ಕಡೆಯಿಂದ ರಾತ್ರಿ ಮೀನು ಹಿಡಿಯೋ ದೋಣ್ಯಾಗ ಅರಿಷಿಣದ ಚೀಲ ಕಳ್ಳ ಸಾಗಾಟ ಆಗಾಕ ಹತ್ತಿತು, ಬಂಗಾರ ಸಾಗಸಿದಂಗ. ಅರಿಷಿಣ! ನಮ್ಮ ಅಂಗಡ್ಯಾಗ ಇದನ್ನ ಕೇಳಿ ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು. ಆರ ತಿಂಗಳ ಮ್ಯಾಲ ಯಾರೂ ನಗಲಿಲ್ಲ.

ಗಲ್ಲೆ ರಸ್ತೆ ಹುಬ್ಬಳ್ಳಿ ಮಂದಿ

ನಾ ಇದ್ದೆ ಅಲ್ಲೆ. ಹುಬ್ಬಳ್ಳಿಯಾಂವ, ಗಾರ್ಮೆಂಟ್ಸ್ ಹೊಲಿಗಿ ಮಷೀನ್ ರಿಪೇರಿ ಮಾಡಾಂವ, 2021ರ ಜನವರಿಯಿಂದ 2022ರ ನವೆಂಬರ್ ತನಕ ಕೊಲಂಬೋ ಪಕ್ಕದ ದೆಹಿವಲದಾಗ ಒಂದ ಮನಿಯ ಮ್ಯಾಲಿನ ಖೋಲಿ ಬಾಡಿಗಿ ಹಿಡದಿದ್ದೆ. ಉದ್ದ ಬರೀತೇನಿ, ಬ್ಯಾಸರಾದ್ರ ಬಿಡ್ರಿ.

ಕೆಳಗ ಮಾಲಕರು, ಗಂಡ ಹೆಂಡ್ತಿ ಇಬ್ಬರ. ಅಂಕಲ್ ಸರ್ಕಾರಿ ನೌಕರಿ ಮಾಡಿ ರಿಟೈರ್ ಆದವ್ರು, ಪೆನ್ಷನ್ ಬರತಿತ್ತು, ಮನ್ಯಾಗ ಪಿಯಾನೋ ಇತ್ತು. ಆಂಟಿ ನನಗ ಪುತಾ ಅಂತಿದ್ರು, ಸಿಂಹಳದಾಗ ಮಗಾ ಅಂತ. ಪಕ್ಕದ ಸಣ್ಣ ಮನ್ಯಾಗ ಇನ್ನೊಂದು ಕುಟುಂಬ, ಅವರ ಮಗಳು ಕುವೈತಿನ್ಯಾಗ ಮನಿಗೆಲಸಕ್ಕ ಹೋಗಿದ್ಲು. ಆಂಟಿ ಮೊದ್ಲೆಲ್ಲಾ ಅವರ ಸುದ್ದಿ ಬಂದ್ರ ಮೂಗು ಮುರೀತಿದ್ರು, ಮಗಳನ್ನ ಭಾಂಡೆ ತಿಕ್ಕಾಕ ಕಳಿಸ್ಯಾರ ಅಂತ.

2022ರ ಮಾರ್ಚಿನ್ಯಾಗ ಸರ್ಕಾರ ರೂಪಾಯಿ ಕೈ ಬಿಡ್ತು. ಅಲ್ಲೀತನ ಒಂದು ಡಾಲರ್‌ಗೆ ಸುಮಾರು 200 ಅಂತ ಹಿಡದು ನಿಲ್ಲಿಸಿದ್ರು, ಮೇ ತಿಂಗಳಕ್ಕ 360ರ ಹತ್ರ ಹೋತು. ಈಗ ಲೆಕ್ಕಾ ಹಾಕ್ರಿ. ಕುವೈತಿನ ಹುಡುಗಿ ಕಳಸೋ ನೂರು ಡಾಲರ್ 20 ಸಾವಿರ ಇದ್ದದ್ದು 36 ಸಾವಿರ ಆತು. ಅಂಕಲ್ ಪೆನ್ಷನ್ ಇದ್ದಷ್ಟ ಇತ್ತು, ಅದರಾಗ ಪೆಟ್ರೋಲ್ ಮಾತ್ರ ಡಿಸೆಂಬರಿನ್ಯಾಗ 177 ಇದ್ದದ್ದು ಜೂನ್ ಕೊನಿಗೆ 470. ನನ್ನ ಪಗಾರ ಡಾಲರ್ ಲೆಕ್ಕದಾಗ ಇತ್ತು, ಅಂದ್ರ ನಾನೂ ಏನೂ ಮಾಡದನ ಸಾಹುಕಾರ ಆದೆ. ಇದನ್ನ ಹೇಳಾಕ ನಾಚಿಕಿ ಬರ್ತದ, ಆದ್ರ ಖರೇ ಮಾತು ಅದ. ನೀ ಪ್ರಬಂಧದಾಗ ಬರೀಬೇಕಾದ್ದು ಇದ ಅನಸ್ತದ ನನಗ. ತುಟ್ಟಿ ಆಗೂದು ಎಲ್ಲಾರಿಗೂ ಕಾಣ್ತದ, ಓಣ್ಯಾಗ ಯಾರು ಯಾರಿಗೆ ಮೊದ್ಲ ನಮಸ್ಕಾರ ಮಾಡ್ತಾರ ಅನ್ನೂದು ಬದಲಾಗೂದು ಹೊರಗಿನವರಿಗೆ ಕಾಣಂಗಿಲ್ಲ. ಜೂನಿನ್ಯಾಗ ಒಂದಿನ ನೋಡ್ತೇನಿ, ಆಂಟಿ ಪಕ್ಕದ ಮನಿ ಬಾಗಲಾಗ ನಿಂತು ಭಾಳ ನಯವಾಗಿ ಮಾತಾಡಾಕತ್ತಿದ್ರು. ಹಾಲಿನ ಪೌಡರ್ ಕೇಳಾಕ ಹೋಗಿದ್ರು.

ಹಾಲಿನ ಪೌಡರ್ ಅಂದ್ರ ನಮ್ಮವರಿಗೆ ತಿಳಿಯಂಗಿಲ್ಲ. ಅಲ್ಲೆ ಆಕಳ ಹಾಲಿನ ಚಾ ಕಡಿಮಿ, ಹೊರದೇಶದ ಪೌಡರ್ ಹಾಕಿ ಮಾಡ್ತಾರ. ಡಾಲರ್ ಇಲ್ಲಂದ್ರ ಪೌಡರ್ ಇಲ್ಲ. ಮಾರ್ಚಿನ್ಯಾಗ ಹೋಟೆಲಿನವರು ಒಂದು ಕಪ್ ಹಾಲಿನ ಚಾ 100 ರೂಪಾಯಿ ಮಾಡಿದ್ರು, ಕೆಲವು ಅಂಗಡ್ಯಾಗ ಕೊಡೂದನ್ನ ಬಿಟ್ರು, ಬರೇ ಪ್ಲೇನ್ ಟೀ. ಮನಿಗೆ ಯಾರರ ಬಂದ್ರ ಆಂಟಿ ಪ್ಲೇನ್ ಟೀ ತಂದಿಟ್ಟು ಜೊತಿಗೆ ಒಂದು ಚೂರು ಬೆಲ್ಲ ಇಡತಿದ್ರು, ಬೆಲ್ಲ ಕಡದು ಚಾ ಕುಡಿಯೂದು. ಅದು ಅವರ ಹಳೇ ಪದ್ಧತೀನ, ಆದ್ರ ಮೊದ್ಲ ರುಚಿಗೆ ಅಂತ ಇಡತಿದ್ದದ್ದು ಈಗ ಸಕ್ಕರಿ ಇಲ್ಲ ಅಂತ ಇಡೂದು. ಬಂದವರಿಗೂ ಗೊತ್ತು, ಆಂಟಿಗೂ ಗೊತ್ತು, ಇಬ್ಬರೂ ಆಹಾ ಎಷ್ಟ ಚೊಲೋ ಬೆಲ್ಲ ಅಂತಿದ್ರು.

ಕರೆಂಟಿಗೆ ಗ್ರೂಪ್ ಮಾಡಿದ್ರು, ಎ ಬಿ ಸಿ ಅಂತ ಅಕ್ಷರ. ಯಾವ ಓಣಿ ಯಾವ ಗ್ರೂಪು, ಎಷ್ಟೊತ್ತಿಗೆ ಹೋಗ್ತದ ಎಷ್ಟೊತ್ತಿಗೆ ಬರ್ತದ ಅಂತ ದಿನಾ ಪಟ್ಟಿ. ಮಾರ್ಚ್ 31ಕ್ಕ ಹದಿಮೂರು ತಾಸು ತೆಗದಿದ್ರು. ಜನಾ ಹೆಸರು ಕೇಳೋ ಮೊದ್ಲ ನಿಮ್ಮದು ಯಾವ ಗ್ರೂಪು ಅಂತ ಕೇಳತಿದ್ರು. ಬೆಳಕು ಇದ್ದ ಬೀಗರ ಮನಿಗೆ ಅನ್ನದ ಕುಕ್ಕರ್ ಹೊತ್ಕೊಂಡು ಹೋಗಿ ಅಲ್ಲೇ ಪ್ಲಗ್ ಹಾಕಿ ಅನ್ನಾ ಮಾಡ್ಕೊಂಡು ಬರೋರು ಇದ್ರು.

ಮತ್ತ ಸಾಲಿ. ಪೇಪರ್ ತರಸಾಕ ಡಾಲರ್ ಇಲ್ಲ ಅಂತ ಕೊಲಂಬೋ ಇರೋ ಪಶ್ಚಿಮ ಪ್ರಾಂತದಾಗ ಮಕ್ಕಳ ಪರೀಕ್ಷಾ ಮುಂದಕ ಹಾಕಿದ್ರು. ನಮ್ಮಲ್ಲೆ ಪೇಪರ್ ಲೀಕ್ ಆಗಿ ಮುಂದ ಹೋಗ್ತಾವ, ಅಲ್ಲೆ ಪೇಪರ್ ಇಲ್ಲದ ಮುಂದ ಹೋದ್ವು. (ಸಪ್ತಾಪುರದಾಂವಗ ಇದು ಬಡೀತದ, ಕ್ಷಮಾ ಮಾಡಪಾ.)

ಗ್ಯಾಸಿಂದು ಹೇಳಬೇಕು. ಪಾಳಿಗೆ ಅವರು ಪೋಲಿಮ ಅಂತಾರ. ಗ್ಯಾಸ್ ಲಾರಿ ಯಾವತ್ತು ಬರ್ತದ ಗೊತ್ತಿರೂದಿಲ್ಲ, ಅದಕ್ಕ ಜನಾ ಖಾಲಿ ಸಿಲಿಂಡರ್ ತಂದು ರಸ್ತಾ ದಂಡಿಗೆ ಸಾಲಾಗಿ ಇಟ್ಟು, ಕಳವು ಆಗಬಾರ್ದು ಅಂತ ಎಲ್ಲಾ ಸಿಲಿಂಡರಿಗೂ ಕೂಡಿ ಒಂದ ಚೈನ್ ಹಾಕಿ ಬೀಗ ಜಡಿಯೂದು, ಮ್ಯಾಲ ಚಾಕ್‌ಪೀಸಿನಿಂದ ನಂಬರು. ಮನಷ್ಯಾರು ಮನಿಗೆ, ಸಿಲಿಂಡರು ಪಾಳ್ಯಾಗ. ಆಂಟಿದು 53. ನಾಕನೇ ದಿನ ಲಾರಿ ಬಂತು, 40 ಇಳಿಸಿ ಹೋತು. ಆಂಟಿ ಏನೂ ಅನಲಿಲ್ಲ, ತಮ್ಮ ಸಿಲಿಂಡರ್ ಮ್ಯಾಲ ಕೂತು ಬಿಟ್ರು. ಮಾರ್ಕೆಟ್ಟಿಗೆ ಹೋಗೋ ಸೀರಿ, ಕೈಯಾಗ ಪರ್ಸು, ಸುಮ್ಮನ ಕೂತಾರ. ನಾ ಹೋಗಿ ಬರ್ರಿ ಆಂಟಿ ಅಂದ್ರ, ಇರು ಪುತಾ, ಎದ್ರ ನನ್ನ ನಂಬರ್ ಹೋಗ್ತದ ಅಂದ್ರು. ಲಾರಿ ಹೋಗಿ ಅರ್ಧ ತಾಸು ಆಗಿತ್ತು.

ಆಮ್ಯಾಲ ಕಟಿಗಿ ಒಲಿ. ಫ್ಯಾಕ್ಟರಿಯಿಂದ ಮುರದ ಪ್ಯಾಕಿಂಗ್ ಪೆಟ್ಟಿಗಿ ಹಲಗಿ ನಾ ತರತಿದ್ದೆ, ಹಿತ್ತಲದಾಗ ಮೂರು ಕಲ್ಲಿಟ್ಟು ಸುರು ಮಾಡಿದ್ರು. ಮೊದಲ್ನೇ ದಿನಾನ ಕುಕ್ಕರ್ ಕರ್ರಗ ಆಗಿ ಆಂಟಿ ತಿಕ್ಕಿ ತಿಕ್ಕಿ ಅಳಾಕ ಹತ್ತಿದ್ರು. ನಮ್ಮವ್ವ ಹಳ್ಳ್ಯಾಗ ಒಲಿ ಮ್ಯಾಲ ಇಡೋ ಮೊದ್ಲ ಬೋಗಾಣಿ ತಳಕ್ಕ ಹಸಿ ಬೂದಿ ಬಳೀತಿದ್ಲು, ಮಸಿ ಬೂದಿಗೆ ಹತ್ತಿ ತೊಳದ್ರ ಸರಳ ಹೋಗ್ತದ. ಅದನ್ನ ತೋರಿಸಿ ಕೊಟ್ಟೆ. ಇಡೀ ಎರಡ ವರ್ಷದಾಗ ನಾ ಆ ದೇಶಕ್ಕ ಮಾಡಿದ ಉಪಕಾರ ಅಷ್ಟ.

ನೇರ ಮಾತು ಗದಗ

ಎಲ್ಲಾ ಸರಿ, ಆದ್ರ ಮೂಲ ಕಾರಣ ಯಾರೂ ಹೇಳವಲ್ರು. ಪುಕ್ಕಟೆ ಕೊಟ್ಟು ಕೊಟ್ಟು ಹಾಳಾತು ಆ ದೇಶ. ನಮ್ಮಲ್ಲೂ ಬಸ್ ಫ್ರೀ, ಕರೆಂಟ್ ಫ್ರೀ, ಮನ್ಯಾಗ ಕೂತವರಿಗೆ 2,000. ಇನ್ನ ಐದ ವರ್ಷ ನೋಡ್ರಿ, ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನಾಗ ಸಿಲಿಂಡರ್ ಚೈನ್ ಹಾಕಿ ಇಡತೀರಿ. ಬರದಿಟ್ಕೋರಿ.

ನಿವೃತ್ತ ಕ್ಯಾಷಿಯರ್

ನೇರ ಮಾತಿನವರ, ನಾನೂ ಗದಗಿನವನ, ಬ್ಯಾಂಕಿನ್ಯಾಗ ಮೂವತ್ತು ವರ್ಷ ರೊಕ್ಕಾ ಎಣಿಸಿ ಬಂದವ. ನಿಮ್ಮ ಸಿಟ್ಟು ತಿಳೀತದ, ಆದ್ರ ಎರಡು ಬ್ಯಾರೆ ಬ್ಯಾರೆ ರೋಗಕ್ಕ ಒಂದ ಚೀಟಿ ಬರ್ಯಾಕತ್ತೀರಿ. ಲಂಕಾ ಕೈ ಎತ್ತಿದ್ದು ಡಾಲರ್ ಸಾಲದ ಮುಂದ. 2019ರ ಕೊನಿಗೆ ಅವರ ಹತ್ರ 760 ಕೋಟಿ ಡಾಲರ್ ಇತ್ತು, 2022ರ ಮೇ ತಿಂಗಳಿಗೆ ಖರ್ಚಿಗೆ ಸಿಗೋದು ಐದು ಕೋಟಿಗಿಂತ ಕಡಿಮಿ ಅಂತ ಅವರ ಹಣಕಾಸು ಮಂತ್ರಿನ ಹೇಳಿದ್ರು. ನಡುವ ಜನವರಿಯೊಳಗ 50 ಕೋಟಿ ಡಾಲರಿನ ಒಂದು ಬಾಂಡ್ ಸಾಲ ತೀರಿಸಿದ್ರು, ಊರಾಗ ಔಷಧ ಇಲ್ಲದಾಗ. ಮತ್ತ ಪುಕ್ಕಟೆ ಅಂದ್ರಿ, ಅಲ್ಲೆ ದೊಡ್ಡ ಪುಕ್ಕಟೆ ಸಿಕ್ಕಿದ್ದು ತೆರಿಗಿ ಕಟ್ಟೋರಿಗೆ. ವ್ಯಾಟ್ ಸುಮಾರು ಅರ್ಧಕ್ಕ ಇಳಿಸಿದ್ದು ಬಡವರಿಗೆ ಬಸ್ ಪಾಸ್ ಕೊಟ್ಟಂಗ ಅಲ್ಲ. ಕರ್ನಾಟಕದ ಸಾಲ ಬಹುತೇಕ ರೂಪಾಯಿಯೊಳಗ ಐತಿ, ಅದರ ಬಗ್ಗೆ ಜಗಳಾಡೂದಿದ್ರ ಬ್ಯಾರೆ ಕಡೆ ಜಗಳಾಡೋಣಂತ, ನಾನೂ ಬರ್ತೇನಿ.

ನಮ್ಮ ದೇಶ ಅದರ ಹತ್ರ ಹೋಗಿ ಬಂದದ್ದು 1991ರಾಗ. ಎರಡು ಮೂರು ವಾರದ ಆಮದಿಗೆ ಆಗೋವಷ್ಟ ಡಾಲರ್ ಉಳದಿತ್ತು, ರಿಸರ್ವ್ ಬ್ಯಾಂಕಿನ 47 ಟನ್ ಬಂಗಾರ ವಿಮಾನದಾಗ ಹೊರದೇಶಕ್ಕ ಹೋಗಿ ಒತ್ತಿ ಬಿತ್ತು. ನಾ ಅವಾಗ ಕೌಂಟರಿನ್ಯಾಗ ಕೂತಿದ್ದೆ. ದೇಶದ ಬಂಗಾರ ಒತ್ತಿ ಇಟ್ಟಾರಂತ ಅಂತ ಸುದ್ದಿ ಬಂದ ದಿನ ಒಬ್ಬ ಬೆಟಗೇರಿ ನೇಕಾರ ತನ್ನ ಹೆಂಡ್ತಿ ಬೋರಮಾಳ ಒತ್ತಿ ಇಡಾಕ ಬಂದಾಂವ, ಇವತ್ತ ನನಗ ನಾಚಿಕಿ ಇಲ್ಲ ಸಾಹೇಬ್ರ, ದೊಡ್ಡವರ ಬಂದಾರ ಈ ಕೆಲಸಕ್ಕ ಅಂದ.

ತಮ್ಮಾ ಸಪ್ತಾಪುರ, ಕೊಲಂಬೋದವರು ಹೇಳಿದ್ದು ನೂರಕ್ಕ ನೂರು. ನಾ ಸಣ್ಣಾಂವ ಇದ್ದಾಗ, ಅರವತ್ತರ ದಶಕದ ಬರಗಾಲದಾಗ, ಅಮೆರಿಕದಿಂದ ಕೆಂಪು ಜೋಳ ಬರತಿತ್ತು, ಪಿಎಲ್ 480 ಅಂತ ಅವರ ಧಾನ್ಯ ಕೊಡೋ ಯೋಜನಾ, ನೀ ಓದಿರ್ತಿ. ಆ ಜೋಳದ ರೊಟ್ಟಿ ಬಡ್ಯಾಕ ಬರತಿದ್ದಿಲ್ಲ, ಅಂಚಿನಾಗ ಹರದು ಹೋಗ್ತಿತ್ತು, ನಮ್ಮ ಆಯಿ ಬಿಳಿ ಜೋಳದ ಹಿಟ್ಟು ಒಂದು ಹಿಡಿ ಕೂಡಿಸಿ ಅಂಟು ಬರಿಸ್ತಿದ್ಲು. ಊರಾಗ ಅವಾಗ ದೊಡ್ಡ ಮನಷ್ಯಾ ಯಾರು? ಗೌಡ್ರಲ್ಲ, ರೇಷನ್ ಅಂಗಡಿಯಾಂವ. ಲಗ್ನದಾಗ ಅವನ ಬಂದು ಕೂಡೂ ತನಕಾ ಅಕ್ಕಿಕಾಳು ಹಾಕತಿದ್ದಿಲ್ಲ. ಮಳಿ ಬಂದು ಎರಡು ಬೆಳಿ ಕೈಗೆ ಹತ್ತಿದ ಮ್ಯಾಲ ಅದ ಮನಷ್ಯಾ ಬಂದ್ರ ಕುರ್ಚಿನೂ ಕೊಡಲಿಲ್ಲ.

ರೊಟ್ಟಿ ಅಕ್ಕ

ನಾ ಧಾರವಾಡದಾಗ ಖಾನಾವಳಿ ನಡಸ್ತೇನ್ರಿ. ಗಂಡಸರ ಪೆಟ್ರೋಲ್ ಡಾಲರ್ ಅಂತ ಬರದ್ರಿ, ಹೆಂಗಸರದು ಅರ್ಧಕ್ಕ ಬಿಟ್ರಿ ಅನಸ್ತು, ಅದಕ್ಕ ಬರ್ಯಾಕತ್ತೇನಿ.

ಲಂಕಾದ್ದು ನನಗ ಗೊತ್ತಿಲ್ಲ, 2016ರ ನವೆಂಬರ್ 8 ಗೊತ್ತೈತಿ. ಆ ರಾತ್ರಿ ನೋಟು ಬಂದ್ ಅಂದಾಗ ನಮ್ಮ ಓಣ್ಯಾಗ ಯಾವ ಹೆಂಗಸೂ ಮಲಗಿಲ್ಲ. ಸಾಸಿವಿ ಡಬ್ಬಿ, ಅಕ್ಕಿ ಪೀಪಾಯಿ ತಳ, ಹಳೇ ಸೀರಿ ಮಡಿಕಿ, ಎಲ್ಲಾ ಕಡೆ ಐನೂರು ಸಾವಿರದ ನೋಟು. ಗಂಡನಿಗೆ ಹೇಳದನ ವರ್ಷಾನುಗಟ್ಟಲೆ ಕೂಡಿಟ್ಟಿದ್ದು, ಈಗ ಬ್ಯಾಂಕಿಗೆ ಹೋಗಬೇಕಂದ್ರ ಅವನ ಕೈಯಾಗ ಕೊಡಬೇಕು. ನಮ್ಮ ಪಕ್ಕದಾಕಿ 34 ಸಾವಿರ ತಗದು ಗಂಡನ ಮುಂದ ಇಟ್ಟಾಗ ಅಂವಾ ಬೈಲಿಲ್ರಿ, ನಕ್ಕೊಂತ ಇಷ್ಟೆಲ್ಲಾ ಇತ್ತಾ ಅಂದು ಇಸ್ಕೊಂಡ. ಹೊಸ ನೋಟು ತಿರುಗಿ ಆಕಿ ಡಬ್ಬಿಗೆ ಬರಲಿಲ್ಲ. ಆ ಮನ್ಯಾಗ ಅವತ್ತಿಂದ ಆಕಿ ಒಂದು ಸೋಪ್ ತರಬೇಕಂದ್ರೂ ಕೇಳೂದು ಸುರು ಆತು. ಇದನ್ನ ಯಾವ ಲೆಕ್ಕದಾಗ ಹಿಡೀತೀರಿ?

2020ರ ಲಾಕ್‌ಡೌನ್‌ನಾಗ ಕೋಚಿಂಗ್ ಹುಡುಗ್ರು ಎಲ್ಲಾ ಊರಿಗೆ ಹೋದ್ರು, ನಮ್ಮ ಖಾನಾವಳಿ ಬಾಗಲಾ ಮುಚ್ಚಿತು. ಮನ್ಯಾಗ ಕೂತು ಖಡಕ್ ರೊಟ್ಟಿ ಬಡದು ಮಾರಿದ್ವಿ, ನಾನೂ ನಮ್ಮ ಅತ್ತಿನೂ. ಬೀಸಿ, ಅಂದ್ರ ಕೂಡಿ ನಡಸೋ ಚೀಟಿ, ಹಾಕಿದ್ವಿ ಹದಿನೈದು ಮಂದಿ ಹೆಂಗಸರು, ಮೂರು ತಿಂಗಳು ಯಾರೂ ರೊಕ್ಕಾ ತುಂಬಲಿಲ್ಲ, ಆದ್ರ ಒಬ್ಬಾಕಿನೂ ಓಡಿ ಹೋಗಲಿಲ್ಲ. ಕಿರಾಣಿ ಅಂಗಡಿಯಾಂವ ಉದ್ರಿ ಬಂದ್ ಮಾಡಿದ್ದ, ಯಾರಿಗೆ ಅಂದ್ರ ಹೊಸದಾಗಿ ಬಾಡಿಗಿ ಬಂದವರಿಗೆ ಅಷ್ಟ. ಹತ್ತು ವರ್ಷದಿಂದ ಇದ್ದವರಿಗೆ ವಹಿಯೊಳಗ ಬರಕೊಂಡು ಕೊಟ್ಟ. ಕಷ್ಟ ಬಂದಾಗ ಅಂಗಡಿಯಾಂವ ಮುಖಾ ನೋಡಿ ಭೂಮಿ ಅಳತಿ ಮಾಡ್ತಾನ್ರಿ.

ಕೊಲಂಬೋ ಅಣ್ಣಾರ, ಆ ಕುವೈತಿನ ಹುಡುಗಿ ಸುದ್ದಿ ಇನ್ನಷ್ಟು ಹೇಳ್ರಿ. ಮನಿಯವರಿಗೆ ಮಾನ ಬಂತು ಅಂದ್ರಿ, ಆಕಿಗೆ ಏನ ಬಂತು?

ಗಲ್ಲೆ ರಸ್ತೆ ಹುಬ್ಬಳ್ಳಿ ಮಂದಿ

ಅಕ್ಕಾರ, ಒಳ್ಳೇ ಹೊಡತ ಕೊಟ್ರಿ. ಆಕಿ 2022ಕ್ಕ ವಾಪಸ್ ಬರಬೇಕಿತ್ತು, ಲಗ್ನ ಗೊತ್ತಾಗಿತ್ತು. ಬರಲಿಲ್ಲ. ಹೆಂಗ ಬರ್ತಾಳ, ಈಗ ಆಕಿ ರೊಕ್ಕದ ಮ್ಯಾಲ ತಮ್ಮನ ಫೀ, ಅವ್ವನ ಬಿಪಿ ಗುಳಿಗಿ, ಚಿಗವ್ವನ ಮನಿ ಕೂಡ ನಡದಿತ್ತು. ಇನ್ನೆರಡು ವರ್ಷ ಕಾಂಟ್ರಾಕ್ಟ್ ಮುಂದ ಹೋತು. ಹುಡುಗನ ಕಡೆಯವರು ಕಾದ್ರೋ ಬಿಟ್ರೋ, ನಾ ಬರೋ ತನಕ ತೀರ್ಮಾನ ಆಗಿದ್ದಿಲ್ಲ. ಅದ ಜೂನಿನ್ಯಾಗ ಸರ್ಕಾರ ಮನಿಗೆಲಸಕ್ಕ ಹೊರದೇಶಕ್ಕ ಹೋಗೋ ಹೆಣ್ಮಕ್ಕಳ ವಯಸ್ಸಿನ ಮಿತಿ 21ಕ್ಕ ಇಳಿಸಿತು. ಡಾಲರ್ ಬೇಕು, ಹುಡುಗ್ಯಾರ್ನ ಕಳಸು, ಇಷ್ಟ ಲೆಕ್ಕಾ. ಪಾಸ್‌ಪೋರ್ಟ್ ಆಫೀಸಿನ ಮುಂದಿನ ಪಾಳಿ ಪೆಟ್ರೋಲ್ ಪಾಳಿಗಿಂತ ಉದ್ದ ಇತ್ತು, ರಾತ್ರಿ ಅಲ್ಲೇ ಮಲಗತಿದ್ರು. ಆ ಒಂದ ವರ್ಷ 3 ಲಕ್ಷಕ್ಕೂ ಹೆಚ್ಚು ಮಂದಿ ಕೆಲಸಕ್ಕ ಅಂತ ದೇಶ ಬಿಟ್ರು. ಸರ್ಕಾರಿ ನೌಕರರಿಗೆ ಐದ ವರ್ಷ ಪಗಾರ ಇಲ್ಲದ ರಜಾ ತಗೊಂಡು ಹೊರಗ ಹೋಗ್ರಿ ಅಂದ್ರು, ಶುಕ್ರವಾರ ರಜಾ ಕೊಟ್ಟು ಮನಿ ಹಿಂದ ಕಾಯಿಪಲ್ಯ ಬೆಳೀರಿ ಅಂದ್ರು. ನಮ್ಮ ಅಂಕಲ್ ಇದನ್ನ ಪೇಪರಿನ್ಯಾಗ ಓದಿ, ನಾ ನಲವತ್ತು ವರ್ಷ ಫೈಲು ಬೆಳದೇನಿ, ಇನ್ನ ಬದನಿಕಾಯಿ ಬೆಳಿಯೂದು ಅಂದ್ರು. ಬೆಳದ್ರು ಮತ್ತ. ಪಿಯಾನೋ ಮಾರಿದ್ರು, ಅದನ್ನ ಮೊದ್ಲ ಹೇಳೂದು ಮರತೆ.

ಸಪ್ತಾಪುರ ರೂಮ್ ನಂಬರ್ 4

ಎಲ್ಲಾರಿಗೂ ಭಾಳ ಥ್ಯಾಂಕ್ಸ್‌ರಿ, ಮೂರು ಸಲ ಓದಿದೆ. ಒಂದೆರಡು ಡೌಟ್. ಈಗ ಲಂಕಾ ಸುಧಾರಿಸೇತಿ ಅಂತಾರಲ್ರಿ, 2023ರ ಜುಲೈಗೆ ಹಣದುಬ್ಬರ 6.3ಕ್ಕ ಇಳೀತು, ಆ ವರ್ಷ ಮಾರ್ಚಿನ್ಯಾಗ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) ಸುಮಾರು 300 ಕೋಟಿ ಡಾಲರ್ ಸಾಲ ಒಪ್ಪಿತು. ಅಂದ್ರ ಆಂಟಿ ಮನಿ ಮೊದಲಿನಂಗ ಆತೇನ್ರಿ? ಮತ್ತ ಪೆಟ್ರೋಲಿಗೆ ಕ್ಯೂಆರ್ ಪಾಸ್ ಬಂದ ಮ್ಯಾಲ ಪಾಳಿ ಹೋತಂತಲ್ರಿ, ಅದು ಹೆಂಗ? ಬ್ಯಾಡಗಿ ಅಣ್ಣಾರ, ನಿಮ್ಮ ಎರಡ ಲೋಡಿನ ರೊಕ್ಕ ಬಂತೋ ಇಲ್ಲೋ? ಅಕ್ಕಾರ, ನಿಮ್ಮ ಖಾನಾವಳಿ ಎಲ್ಲೈತ್ರಿ, ನಮ್ಮ ಮೆಸ್ಸಿನ್ಯಾಗ ರೊಟ್ಟಿ ಅಂತ ಕೊಡೂದು ರಟ್ಟು ಆಗೇತಿ.

ಗಲ್ಲೆ ರಸ್ತೆ ಹುಬ್ಬಳ್ಳಿ ಮಂದಿ

69.8 ದಿಂದ 6.3ಕ್ಕ ಇಳೀತು ಅಂದ್ರ ತುಟ್ಟಿ ಇಳೀತು ಅಂತಲ್ಲಪಾ, ಏರೂದು ನಿಧಾನ ಆತು ಅಂತ. ಮ್ಯಾಳಗಿ ಏರಿ ನಿಂತಾಂವ ಇನ್ನ ಮ್ಯಾಲ ಏರವಲ್ಲ ಅಂದ್ರ ಕೆಳಗ ಇಳದ ಅಂತೀ ಏನ? ಆಂಟಿ ಜೋಡಿ ಫೋನಿನ್ಯಾಗ ಮಾತಾಡ್ತೇನಿ, ಪಾಳಿ ಹೋಗೇತಿ, ಅಂಗಡ್ಯಾಗ ಎಲ್ಲಾ ಸಿಗ್ತೈತಿ, ಕೊಳ್ಳಾಕ ಆಗವಲ್ದು. ಕರೆಂಟ್ ಬಿಲ್ 2022ರ ಆಗಸ್ಟಿನ್ಯಾಗ 75 ಪರ್ಸೆಂಟ್ ಏರಿಸಿದ್ರು, ಮುಂದಿನ ಫೆಬ್ರುವರಿಗೆ ಮತ್ತ 66.

ಕ್ಯೂಆರ್ ಮಾತ್ರ ಖರೇ ಚೊಲೋ ಕೆಲಸ. ಜುಲೈ ಕೊನಿಗೆ ಬಂತು. ಬೈಕಿಗೆ ವಾರಕ್ಕ 4 ಲೀಟರ್, ಆಟೋಕ್ಕ 5, ಕಾರಿಗೆ 20. ಫೋನ್ ತೋರಿಸಿದ್ರ ಪಂಪಿನಾಂವ ಸ್ಕ್ಯಾನ್ ಮಾಡಿ ನಿನ್ನ ಪಾಲು ಉಳದದ್ದೆಷ್ಟು ನೋಡಿ ಹಾಕತಿದ್ದ, ದೊಡ್ಡವ ಸಣ್ಣವ ಇರಲಿಲ್ಲ. ಅದಕ್ಕಿಂತ ಮೊದ್ಲ ಪಾಳ್ಯಾಗ ಮೂರು ದಿನ ನಿಂತ ಆಟೋದವರು ಬಿಸಲಾಗ ಸತ್ತದ್ದು ಪೇಪರಿನ್ಯಾಗ ಆಗಾಗ ಬರತಿತ್ತು. ಬಾಟ್ಲಿಯೊಳಗ ಕಳ್ಳ ಪೆಟ್ರೋಲ್ ಲೀಟರಿಗೆ ಎರಡು ಸಾವಿರ ಕೊಟ್ಟು ನಾನ ತಗೊಂಡೇನಿ ಒಮ್ಮೆ, ಅದರಾಗ ಅರ್ಧ ಸೀಮಿ ಎಣ್ಣಿ ಇತ್ತು, ಗಾಡಿ ಕೆಟ್ಟು ಎರಡು ಮೈಲಿ ನೂಕೇನಿ. 5 ಲೀಟರಿನ್ಯಾಗ ಆಟೋದಾಂವ ವಾರ ಏನ ದುಡೀತಿದ್ದ ಅಂತ ಕೇಳಬ್ಯಾಡ. ಕೆಲವರು ಪಾಲಿನ ಪೆಟ್ರೋಲ್ ತಗೊಂಡು ಗಾಡಿ ಓಡಿಸದನ ಅದನ್ನ ಮಾರಿ ಮನ್ಯಾಗ ಕೂಡತಿದ್ರು, ಅದರಾಗ ಹೆಚ್ಚು ಉಳೀತಿತ್ತು.

ರೊಟ್ಟಿ ಅಕ್ಕ

ಖಾನಾವಳಿ ಹೆಸರು ಇಲ್ಲಿ ಹಾಕಂಗಿಲ್ಲ ತಮ್ಮಾ, ಜಾಹೀರಾತು ಅಂತಾರ. ಸಪ್ತಾಪುರದಿಂದ ನಡಕೋತ ಬರೋ ಅಷ್ಟು ದೂರ ಐತಿ, ಮೆಸೇಜ್ ಮಾಡು. ಶೇಂಗಾ ಚಟ್ನಿ ಎರಡನೇ ಸಲ ಕೇಳಿದ್ರೂ ರೊಕ್ಕಾ ಹಿಡಿಯಂಗಿಲ್ಲ.

ಬ್ಯಾಡಗಿ ಲೆಕ್ಕದಾಂವ

ಬಂತು ತಮ್ಮಾ. ಹನ್ನೊಂದು ತಿಂಗಳು ಹಿಡೀತು, ನಾಕು ಕಂತಿನ್ಯಾಗ ಬಂತು, ಕೊನೀ ಕಂತು ಕಳಿಸೋ ಮುಂದ ಲಂಕಾದ ಸೇಠ್ ತೂತ್ತುಕುಡಿ ಪಾರ್ಟಿ ಕೈಲೆ ನಮ್ಮ ಸಾಹುಕಾರ್ರಿಗೆ ಫೋನ್ ಹಚ್ಚಿಸಿ ತಮಿಳಿನ್ಯಾಗ ಏನೇನೋ ಅಂದ, ಇವರಿಗೆ ತಮಿಳು ಬರಂಗಿಲ್ಲ, ಅವಂಗ ಕನ್ನಡ ಬರಂಗಿಲ್ಲ, ಇಬ್ಬರೂ ಹಾಂ ಹಾಂ ಅಂತ ಐದು ನಿಮಿಷ ಮಾತಾಡಿದ್ರು. ಬಡ್ಡಿ ಬಿಟ್ಟು ಬಿಟ್ರು ಸಾಹುಕಾರ್ರು. ಆದ್ರ ಈಗ ಲಂಕಾ ಮಾಲು ಅಂದ್ರ ಅಡ್ವಾನ್ಸ್ ಬರದನ ಒಂದು ಚೀಲಾನೂ ಗಾಡಿಗೆ ಏರಸಂಗಿಲ್ಲ, ಆ ಸೇಠ್‌ದಾದ್ರೂ ಸೈತ.